ವಿಡಿಯೊ ಸಂಕಲನದ ಗಣಕಯಂತ್ರ: ಸಂಗ್ರಹ ವ್ಯವಸ್ಥೆಯ ಹೊಂದಾಣಿಕೆ ಮತ್ತು ವೇಗಪರೀಕ್ಷೆ

ಕೇರಳದ ಪ್ರೌಢಶಾಲೆಗಳಲ್ಲಿ ಲಿಟಲ್ ಕೈಟ್ಸ್ ಘಟಕಗಳು ಆರಂಭವಾದ ಮೇಲೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಕ್ಯಾಮರಾ ಹಿಡಿದು ಚಿತ್ರಿಸುವ, ಚಿತ್ರಿಸಿದ್ದನ್ನು ಕತ್ತರಿಸಿ ಜೋಡಿಸುವ ಕೆಲಸಕ್ಕೆ ಕೈಹಾಕಿದ್ದಾರೆ. ಅಲ್ಲಿನ ಶಾಲಾ ಗಣಕಗಳಲ್ಲಿ ನಡೆಯುವುದು ಉಬುಂಟುವನ್ನು ಆಧರಿಸಿದ ಲಿನಕ್ಸ್. ಸಂಕಲನಕ್ಕೆ ಸಾಮಾನ್ಯವಾಗಿ ಬಳಸುವುದು ಕೆಡೆನ್‌ಲೈವ್ ಎಂಬ ಮುಕ್ತ ತಂತ್ರಾಂಶ. ಗಡಿಯಾಚೆಯ ಬೇರೆ ಕನ್ನಡ ಶಾಲೆಗಳಲ್ಲಿ ವಿಂಡೋಸ್ ಇರಬಹುದು; ಈ ಪಾಠದ ಲೆಕ್ಕಗಳು ಅಲ್ಲಿಗೂ ಅನ್ವಯಿಸುತ್ತವೆ.

ಶಾಲೆಯ ವಾರ್ಷಿಕೋತ್ಸವದ ಚಿತ್ರ ಹಾಳಾದರೆ ಮುಂದಿನ ವರ್ಷ ಇನ್ನೊಂದು ವಾರ್ಷಿಕೋತ್ಸವ ಬರುತ್ತದೆ. ಆದರೆ ಎಂಬತ್ತು ದಾಟಿದ ಅರ್ಥಧಾರಿಯೊಬ್ಬರು ತಾಳಮದ್ದಳೆಯಲ್ಲಿ ಆಡಿದ ಮಾತು, ಊರಿನ ಹಿರಿಯಳೊಬ್ಬಳು ತನ್ನ ಮನೆಮಾತಿನ ಕನ್ನಡದಲ್ಲಿ ಹೇಳಿದ ಕಥೆ ಎರಡನೆಯ ಸಲ ಅದೇ ರೂಪದಲ್ಲಿ ದೊರೆಯುವುದಿಲ್ಲ. ಮಕ್ಕಳು ತರುವ ಚಿತ್ರೀಕರಣದಲ್ಲಿ ಇಂಥವೂ ಇರುತ್ತವೆ. ಆದುದರಿಂದ ಸಂಗ್ರಹ ವ್ಯವಸ್ಥೆಯ ಬಗ್ಗೆ ಶಿಕ್ಷಕರಿಗೆ ಎರಡು ಪ್ರಶ್ನೆಗಳಿರಬೇಕು: ಕೆಲಸ ತಡೆಯಿಲ್ಲದೆ ಸಾಗುವಷ್ಟು ವೇಗ ಇದೆಯೇ, ಬರೆದದ್ದು ಬರೆದಂತೆಯೇ ಉಳಿದಿದೆಯೇ. ಮೊದಲನೆಯದಕ್ಕೆ ಉತ್ತರ ಹುಡುಕುವ ಭರದಲ್ಲಿ ಎರಡನೆಯದನ್ನು ಕಳೆದುಕೊಳ್ಳುವವರೇ ಹೆಚ್ಚು.

ಎಷ್ಟು ವೇಗ ಬೇಕು?

ಅಂಗಡಿಯಲ್ಲಿ ಅತಿ ವೇಗದ ಡಿಸ್ಕನ್ನು ಕೇಳುವ ಮೊದಲು ಕರಿಹಲಗೆಯ ಮೇಲೆ ಒಂದು ಗುಣಾಕಾರ ಮಾಡಿಸಬೇಕು. ಒಂದು ಫ್ರೇಮಿನಲ್ಲಿ ಅಡ್ಡಲಾಗಿ 1,920, ಲಂಬವಾಗಿ 1,080 ಚಿತ್ರಬಿಂದುಗಳಿದ್ದರೆ ಒಟ್ಟು 20,73,600 ಬಿಂದುಗಳು. ಬಿಂದುವೊಂದಕ್ಕೆ ಸರಾಸರಿ 2 ಬೈಟ್ ಎಂದಿಟ್ಟುಕೊಂಡರೆ ಫ್ರೇಮಿಗೆ 41,47,200 ಬೈಟ್. ಸೆಕೆಂಡಿಗೆ 25 ಫ್ರೇಮುಗಳಂತೆ 10,36,80,000 ಬೈಟ್, ಅಂದರೆ ಸುಮಾರು 104 ಮೆಗಾಬೈಟ್. ಸಂಕೋಚನವೇ ಇಲ್ಲದ ಒಂದು ಸೆಕೆಂಡಿನ ಚಿತ್ರಕ್ಕೆ ಇಷ್ಟು ಜಾಗ ಬೇಕು.

ಹೀಗೆ ಯಾರೂ ಉಳಿಸುವುದಿಲ್ಲ. ಮೊಬೈಲ್ ಫೋನು ಇದೇ ಚಿತ್ರವನ್ನು ಸಂಕೋಚಿಸಿ ಸೆಕೆಂಡಿಗೆ ಸುಮಾರು 20 ಮೆಗಾಬಿಟ್‌ಗೆ ಇಳಿಸುತ್ತದೆ. 8 ಬಿಟ್ ಸೇರಿ 1 ಬೈಟ್. ಆದ್ದರಿಂದ ಅದು 2.5 ಮೆಗಾಬೈಟ್. ಬಿಟ್ ಮತ್ತು ಬೈಟುಗಳ ಈ ಎಂಟರ ಅಂತರವನ್ನು ಮಕ್ಕಳ ಮನಸ್ಸಿನಲ್ಲಿ ಚೆನ್ನಾಗಿ ನಿಲ್ಲಿಸಬೇಕು, ಏಕೆಂದರೆ ತಂತಿ ಮತ್ತು ಕಿಂಡಿಗಳ ವೇಗವನ್ನು ಬಿಟ್‌ನಲ್ಲಿಯೂ ಡಿಸ್ಕಿನ ವೇಗವನ್ನು ಬೈಟ್‌ನಲ್ಲಿಯೂ ಹೇಳುವುದು ರೂಢಿ. ಸಂಕಲನಕ್ಕೆಂದೇ ರೂಪಿಸಿದ ಪ್ರೋರೆಸ್ 422, ಡಿಎನ್‌ಎಕ್ಸ್‌ಎಚ್‌ಡಿ ಮೊದಲಾದ ಮಾದರಿಗಳಲ್ಲಿ ಇದೇ ಚಿತ್ರ ಸೆಕೆಂಡಿಗೆ ಸುಮಾರು 120 ಮೆಗಾಬಿಟ್, ಅಂದರೆ 15 ಮೆಗಾಬೈಟ್ ಆಗುತ್ತದೆ.

ಮೂರು ಗಂಟೆಯ ತಾಳಮದ್ದಳೆಯೊಂದನ್ನು ಫೋನಿನಲ್ಲಿ ಚಿತ್ರಿಸಿದರೆ 10,800 ಸೆಕೆಂಡು, 27 ಗಿಗಾಬೈಟ್. ಅದನ್ನೇ ಸಂಕಲನದ ಮಾದರಿಗೆ ಪರಿವರ್ತಿಸಿದರೆ 162 ಗಿಗಾಬೈಟ್. ಭಾಗವತರ ಮೇಲೊಂದು, ಅರ್ಥಧಾರಿಗಳ ಮೇಲೆರಡು ಕ್ಯಾಮರಾಗಳಿದ್ದು ಮೂರನ್ನೂ ಒಟ್ಟಿಗೆ ಓಡಿಸಿ ನೋಡಬೇಕಾದರೆ ಡಿಸ್ಕು ಸೆಕೆಂಡಿಗೆ 45 ಮೆಗಾಬೈಟನ್ನು ಬಿಡುವಿಲ್ಲದೆ ಕೊಡುತ್ತಿರಬೇಕು. ಈ ಸಂಖ್ಯೆ ಕೈಗೆ ಬಂದಮೇಲೆ ಉಳಿದ ಮಾತುಗಳೆಲ್ಲ ಸುಲಭವಾಗುತ್ತವೆ. ಉದಾಹರಣೆಗೆ, ಯುಎಸ್‌ಬಿ 2.0 ಕಿಂಡಿಯ ವೇಗ 480 ಮೆಗಾಬಿಟ್; ಲೆಕ್ಕಕ್ಕೆ 60 ಮೆಗಾಬೈಟ್ ಆದರೂ ಬಳಕೆಯಲ್ಲಿ ಸಿಗುವುದು 30ರಿಂದ 40. ಒಳ್ಳೆಯ ಹೊರಡಿಸ್ಕನ್ನು ಕೊಂಡು ತಂದು ಗಣಕದ ಹಳೆಯ ಕಿಂಡಿಗೆ ಚುಚ್ಚಿದರೆ ಮೂರು ಕ್ಯಾಮರಾಗಳ ಕೆಲಸ ನಿಲ್ಲುತ್ತದೆ. ಪಕ್ಕದಲ್ಲೇ ಒಳಭಾಗ ನೀಲಿಯಾಗಿರುವ ಕಿಂಡಿ ಇದ್ದರೆ ಅದು ಬಹುಮಟ್ಟಿಗೆ ಯುಎಸ್‌ಬಿ 3.0, ಅಲ್ಲಿಗೆ ಬದಲಿಸಿದಷ್ಟರಿಂದಲೇ ತೊಡಕು ಕಳೆಯುತ್ತದೆ. ಒಂದು ರೂಪಾಯಿಯೂ ಖರ್ಚಾಗದ ಈ ಪರಿಹಾರವನ್ನು ಎಲ್ಲಕ್ಕಿಂತ ಮೊದಲು ನೋಡಬೇಕು.

ಕಡತ ವ್ಯವಸ್ಥೆ: ದಾಸ್ತಾನು ಪುಸ್ತಕ ಮತ್ತು ಕಿರ್ದಿ

ಡಿಸ್ಕು ಎನ್ನುವುದು ಸಾಲುಸಾಲಾಗಿ ಖಾನೆಗಳಿರುವ ಒಂದು ಉಗ್ರಾಣ. ಯಾವ ಖಾನೆಯಲ್ಲಿ ಯಾವ ಕಡತದ ಯಾವ ಭಾಗವಿದೆ, ಯಾವುದು ಖಾಲಿ ಎಂದು ಬರೆದಿಡುವ ದಾಸ್ತಾನು ಪುಸ್ತಕವೇ ಕಡತ ವ್ಯವಸ್ಥೆ. ಶಾಲೆಯ ದಾಸ್ತಾನು ಪುಸ್ತಕ ಬರೆದು ಬೇಸತ್ತ ಶಿಕ್ಷಕರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ: ವಸ್ತು ಕೋಣೆಯಲ್ಲಿಯೇ ಇದ್ದರೂ ಪುಸ್ತಕ ಹರಿದುಹೋದರೆ ಅದು ಇಲ್ಲದಂತೆಯೇ.

ಹಳೆಯ ವ್ಯವಸ್ಥೆಗಳು ಪ್ರತಿಯೊಂದು ಖಾನೆಯನ್ನೂ ಬೇರೆಬೇರೆಯಾಗಿ ನಮೂದಿಸುತ್ತಿದ್ದವು. 27 ಗಿಗಾಬೈಟಿನ ಒಂದೇ ಕಡತಕ್ಕೆ 4 ಕಿಲೋಬೈಟಿನ ಖಾನೆಗಳಂತೆ ಅರುವತ್ತು ಲಕ್ಷಕ್ಕೂ ಹೆಚ್ಚು ನಮೂದು ಬೇಕು. ಇಂದಿನ ವ್ಯವಸ್ಥೆಗಳು ‘ಇಲ್ಲಿಂದ ಇಲ್ಲಿಯವರೆಗೆ’ ಎಂದು ಒಂದೇ ಸಾಲಿನಲ್ಲಿ ಬರೆಯುತ್ತವೆ. ಲಿನಕ್ಸಿನಲ್ಲಿ 2008ರಿಂದ ಬಳಕೆಯಲ್ಲಿರುವ ಎಕ್ಸ್ಟ್4 ಅಂಥದು. ಅದರ ಇಂಥ ಒಂದು ಸಾಲು 128 ಮೆಗಾಬೈಟಿನವರೆಗಿನ ಜಾಗವನ್ನು ಹೇಳಬಲ್ಲದು. ವಿಡಿಯೊದಂತಹ ದೊಡ್ಡ ಕಡತಗಳಿಗೆ ಇದರಿಂದ ಬಹಳ ಅನುಕೂಲ.

ಇನ್ನೊಂದು ಅಂಶ ಕಿರ್ದಿಯದು. ಅಂಗಡಿಯ ಲೆಕ್ಕದಲ್ಲಿ ವ್ಯವಹಾರವನ್ನು ಮೊದಲು ಕಿರ್ದಿಯಲ್ಲಿ ಬರೆದು ಆಮೇಲೆ ಖಾತೆಗೆ ಏರಿಸುವಂತೆ, ಎಕ್ಸ್ಟ್4, ಎಕ್ಸ್‌ಎಫ್‌ಎಸ್, ಎನ್‌ಟಿಎಫ್‌ಎಸ್ ಮೊದಲಾದವು ಪುಸ್ತಕದಲ್ಲಿ ಮಾಡಬೇಕಾದ ತಿದ್ದುಪಡಿಯನ್ನು ಮೊದಲು ಬೇರೆ ಕಡೆ ಬರೆದುಕೊಳ್ಳುತ್ತವೆ. ನಡುವೆ ವಿದ್ಯುತ್ ಹೋದರೆ ಮತ್ತೆ ಚಾಲೂ ಆದಾಗ ಕಿರ್ದಿ ನೋಡಿ ಪುಸ್ತಕವನ್ನು ಸರಿಪಡಿಸಿಕೊಳ್ಳುತ್ತವೆ. ಪೆನ್‌ಡ್ರೈವ್ ಮತ್ತು ಮೆಮೊರಿ ಕಾರ್ಡುಗಳಲ್ಲಿರುವ ಫ್ಯಾಟ್32, ಎಕ್ಸ್‌ಫ್ಯಾಟ್‌ಗಳಿಗೆ ಕಿರ್ದಿ ಇಲ್ಲ. ಗಮನಿಸಬೇಕಾದುದೆಂದರೆ, ಕಿರ್ದಿ ರಕ್ಷಿಸುವುದು ಪುಸ್ತಕವನ್ನು. ಆ ಹೊತ್ತಿಗೆ ಬರೆದು ಮುಗಿಯದ ಚಿತ್ರಭಾಗವನ್ನಲ್ಲ.

ಯಾವುದನ್ನು ಆರಿಸಬೇಕು

ಗಣಕದೊಳಗೇ ಇರುವ, ಲಿನಕ್ಸ್ ಮಾತ್ರ ಮುಟ್ಟುವ ಡಿಸ್ಕಿಗೆ ಎಕ್ಸ್ಟ್4 ಸಾಕು. ಎಕ್ಸ್‌ಎಫ್‌ಎಸ್ ಇನ್ನೂ ದೊಡ್ಡ ಕೆಲಸಕ್ಕೆ ಹುಟ್ಟಿದ್ದು. ಚಲನಚಿತ್ರಗಳ ಗ್ರಾಫಿಕ್ಸ್ ಯಂತ್ರಗಳಿಗೆ ಹೆಸರಾಗಿದ್ದ ಸಿಲಿಕಾನ್ ಗ್ರಾಫಿಕ್ಸ್ ಸಂಸ್ಥೆ 1990ರ ದಶಕದಲ್ಲಿ ಅದನ್ನು ರೂಪಿಸಿತು, 2001ರಲ್ಲಿ ಅದು ಲಿನಕ್ಸಿಗೆ ಬಂತು. ಒಂದೇ ಡಿಸ್ಕಿನ ಶಾಲಾ ಗಣಕದಲ್ಲಿ ಇವೆರಡರ ವೇಗದ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿಲ್ಲ. ಎಕ್ಸ್‌ಎಫ್‌ಎಸ್ ವಿಭಾಗವನ್ನು ಆಮೇಲೆ ಕುಗ್ಗಿಸಲು ಬಾರದು ಎಂಬುದನ್ನು ನೆನೆದರೆ ಎಕ್ಸ್ಟ್4ರಲ್ಲೇ ನಿಲ್ಲುವುದು ವಿವೇಕ.

ಮನೆ, ಶಾಲೆ, ಸ್ಟುಡಿಯೊಗಳ ನಡುವೆ ಓಡಾಡುವ ಹೊರಡಿಸ್ಕಿಗೆ ಎಕ್ಸ್‌ಫ್ಯಾಟ್ ಒಪ್ಪುತ್ತದೆ. 2020ರಿಂದ ಈಚಿನ ಲಿನಕ್ಸ್ ಅದನ್ನು ತಾನೇ ಚೆನ್ನಾಗಿ ಓದಿ ಬರೆಯುತ್ತದೆ. ಫ್ಯಾಟ್32ನ್ನು ವಿಡಿಯೊಗೆ ಬಳಸಬಾರದು. ಅದರಲ್ಲಿ ಒಂದು ಕಡತ 4 ಗಿಗಾಬೈಟಿಗಿಂತ ದೊಡ್ಡದಾಗಲಾರದು. ಡಿಸ್ಕು ಮುಕ್ಕಾಲು ಖಾಲಿಯಿದ್ದರೂ ‘ಜಾಗ ಸಾಲದು’ ಎಂಬಂತಹ ಸೂಚನೆ ಬಂದು ಮಕ್ಕಳು ಕಂಗಾಲಾಗುವುದು ಬಹುಶಃ ಇದರಿಂದಲೇ.

ಎಕ್ಸ್ಟ್4ರಲ್ಲಿ ತಿಳಿಯದೆ ಕಳೆದುಹೋಗುವ ಜಾಗವೊಂದಿದೆ. ಅದು ಒಟ್ಟು ಜಾಗದ ಶೇಕಡ 5ನ್ನು ವ್ಯವಸ್ಥಾಪಕನಿಗಾಗಿ ಕಾಯ್ದಿರಿಸುತ್ತದೆ. ಕಾರ್ಯಾಚರಣ ವ್ಯವಸ್ಥೆ ಇರುವ ವಿಭಾಗದಲ್ಲಿ ಇದು ಅಗತ್ಯ. ಚಿತ್ರಗಳನ್ನು ಮಾತ್ರ ಇಡುವ 2 ಟೆರಾಬೈಟಿನ ಡಿಸ್ಕಿನಲ್ಲಿ 100 ಗಿಗಾಬೈಟ್ ಸುಮ್ಮನೆ ಬೀಳು ಬಿಟ್ಟಂತೆ. ‘ಟ್ಯೂನ್2ಎಫ್‌ಎಸ್’ ಎಂಬ ಆಜ್ಞೆಯಿಂದ ಇದನ್ನು ಶೇಕಡ 1ಕ್ಕೆ ಇಳಿಸಬಹುದು, ಡಿಸ್ಕಿನಲ್ಲಿರುವುದು ಅಳಿಯುವುದಿಲ್ಲ. ಕಡತವನ್ನು ಓದಿದ ಹೊತ್ತನ್ನು ದಾಖಲಿಸುವುದನ್ನು ನಿಲ್ಲಿಸಿ ವೇಗ ಹೆಚ್ಚಿಸಿರೆಂಬ ಹಳೆಯ ಸಲಹೆ ಇನ್ನೂ ಚಾಲ್ತಿಯಲ್ಲಿದೆ. ಲಿನಕ್ಸು ಆ ದಾಖಲೆಯನ್ನು ತಾನಾಗಿಯೇ ಮಿತಗೊಳಿಸಿ ವರ್ಷಗಳಾದುವು. ದೊಡ್ಡ ಕಡತಗಳ ಕೆಲಸದಲ್ಲಿ ಅದರಿಂದ ಸಿಗುವ ಲಾಭ ನಗಣ್ಯ.

ತಿರುಗುವ ತಟ್ಟೆಯ ಕಷ್ಟ

ಶಾಲೆಗಳಲ್ಲಿ ಹೆಚ್ಚಾಗಿರುವುದು ಇನ್ನೂ ತಿರುಗುವ ತಟ್ಟೆಯ ಹಾರ್ಡ್‌ಡಿಸ್ಕುಗಳು. ಇದರ ಒಳಗುಟ್ಟನ್ನು ತಿಳಿದವರಿಗೆ ಪರೀಕ್ಷೆಯ ಅಂಕಿಗಳು ಮೋಸ ಮಾಡಲಾರವು; ಆದಕಾರಣ ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡು ಬೇಕು. ಬೇಕಾದ ಜಾಗ ಓದುಮೊನೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4 ಮಿಲಿಸೆಕೆಂಡಿಗಿಂತ ತುಸು ಹೆಚ್ಚು. ಮೊನೆ ಒಂದು ವೃತ್ತದಿಂದ ಇನ್ನೊಂದು ವೃತ್ತಕ್ಕೆ ಸರಿಯಲು ಸುಮಾರು 9 ಮಿಲಿಸೆಕೆಂಡು. ಒಟ್ಟು 13. ಮೊನೆ ಒಂದೇ ಕಡೆ ನಿಂತು ಸಾಲಾಗಿ ಓದುತ್ತಿದ್ದರೆ ಸೆಕೆಂಡಿಗೆ 150 ಮೆಗಾಬೈಟ್ ಸಿಗುತ್ತದೆ ಎಂದಿಟ್ಟುಕೊಳ್ಳೋಣ.

ಈಗ ಮೂರು ಕ್ಯಾಮರಾಗಳ ಮೂರು ಕಡತಗಳನ್ನು ಒಟ್ಟಿಗೆ ಓದಬೇಕು. ಮೊನೆ ಒಂದರಿಂದ ಸ್ವಲ್ಪ ಓದಿ, ಎರಡನೆಯದಕ್ಕೆ ಜಿಗಿದು, ಮೂರನೆಯದಕ್ಕೆ ಹೋಗಿ, ಮತ್ತೆ ಮೊದಲನೆಯದಕ್ಕೆ ಬರಬೇಕು. ಒಂದು ಜಿಗಿತಕ್ಕೆ 128 ಕಿಲೋಬೈಟ್ ಮಾತ್ರ ಓದಿದರೆ ಓದಲು 0.85 ಮಿಲಿಸೆಕೆಂಡು, ಜಿಗಿಯಲು 13. ಹೀಗೆ ಸೆಕೆಂಡಿಗೆ ದೊರೆಯುವುದು ಬರೀ 9 ಮೆಗಾಬೈಟ್. ಜಿಗಿತಕ್ಕೆ 1 ಮೆಗಾಬೈಟ್ ಓದಿದರೆ 51, 4 ಮೆಗಾಬೈಟ್ ಓದಿದರೆ 101. ಡಿಸ್ಕು ಅದೇ, ತಂತಿ ಅದೇ. ಒಂದು ಸಲಕ್ಕೆ ಎಷ್ಟು ತರಬೇಕೆಂಬ ನಿರ್ಧಾರವೊಂದೇ ಬೇರೆ. ಬಾವಿಯ ಬಳಿಗೆ ಹೋಗಿಬರುವ ಹೊತ್ತು ಅಷ್ಟೇ ಆದರೆ ಚೊಂಬಿನಲ್ಲಿ ತರಬೇಕೋ ಕೊಡಪಾನದಲ್ಲಿ ತರಬೇಕೋ ಎಂದು ಮಕ್ಕಳನ್ನೇ ಕೇಳಬಹುದು.

ಲಿನಕ್ಸಿನಲ್ಲಿ ಹೀಗೆ ಮುಂದಾಗಿ ಓದಿಟ್ಟುಕೊಳ್ಳುವ ಪ್ರಮಾಣ ಸಾಮಾನ್ಯವಾಗಿ 128 ಕಿಲೋಬೈಟ್‌ಗೆ ಹೊಂದಿಸಿರುತ್ತದೆ. ‘ಬ್ಲಾಕ್‌ಡೆವ್’ ಆಜ್ಞೆಯಿಂದ ಅದನ್ನು 4 ಮೆಗಾಬೈಟಿಗೆ ಏರಿಸಬಹುದು. ಆ ಆಜ್ಞೆ 512 ಬೈಟಿನ ಘಟಕಗಳಲ್ಲಿ ಎಣಿಸುವುದರಿಂದ ಕೊಡಬೇಕಾದ ಸಂಖ್ಯೆ 8,192. ಗಣಕ ಮತ್ತೆ ಚಾಲೂ ಆದಾಗ ಇದು ಹಿಂದಿನ ಸ್ಥಿತಿಗೆ ಮರಳುತ್ತದೆ. ಮೇಲಿನ ಲೆಕ್ಕ ಸ್ಥೂಲವಾದದ್ದು. ಡಿಸ್ಕು ಮತ್ತು ವ್ಯವಸ್ಥೆ ಎರಡೂ ಬೇಡಿಕೆಗಳ ಸರದಿಯನ್ನು ಜಾಣತನದಿಂದ ಬದಲಿಸುವುದರಿಂದ ನಿಜದ ಅಂಕಿ ತುಸು ಮೇಲಿರಬಹುದು. ತಿರುಗುವ ತಟ್ಟೆಯ ಮೇಲೆ ಹಲವು ಕಡತಗಳ ಸಂಕಲನ ಮಾಡುವವರಿಗೆ ಇದಕ್ಕಿಂತ ಉಪಯುಕ್ತವಾದ ಹೊಂದಾಣಿಕೆ ಬೇರೊಂದಿಲ್ಲ. ಎಸ್‌ಎಸ್‌ಡಿಯಲ್ಲಿ ಜಿಗಿಯಬೇಕಾದ ಮೊನೆಯೇ ಇಲ್ಲ. ಅಲ್ಲಿ ಈ ಚಿಂತೆ ಬೇಡ.

ತಟ್ಟೆಯ ಹೊರವೃತ್ತ ಉದ್ದ, ಒಳವೃತ್ತ ಗಿಡ್ಡ. ಸುತ್ತುವ ವೇಗ ಎರಡಕ್ಕೂ ಒಂದೇ. ಹಾಗಾಗಿ ಒಳಗಿನ ಅಂಚಿಗೆ ಬಂದಾಗ ವೇಗ ಹೊರಗಿನದರ ಅರ್ಧದ ಹತ್ತಿರ ಇಳಿಯುತ್ತದೆ. ಖಾಲಿ ಡಿಸ್ಕಿನಲ್ಲಿ ಮಾಡಿದ ಪರೀಕ್ಷೆ ತುಂಬಿದ ಡಿಸ್ಕಿಗೆ ಅನ್ವಯಿಸದಿರುವುದು ಇದರಿಂದ. ಇನ್ನು ಕೆಲವು ಡಿಸ್ಕುಗಳಲ್ಲಿ ವೃತ್ತಗಳನ್ನು ಮಾಡಿನ ಹೆಂಚುಗಳಂತೆ ಒಂದರ ಅಂಚಿನ ಮೇಲೊಂದು ಬರುವ ಹಾಗೆ ಬರೆದಿರುತ್ತಾರೆ. ನಡುವಿನ ಒಂದು ಹೆಂಚು ಬದಲಿಸಬೇಕಾದರೆ ಮೇಲಿನವನ್ನೂ ಎತ್ತಬೇಕಲ್ಲವೆ? ದೀರ್ಘಕಾಲ ಬರೆಯುವಾಗ ಅಂಥ ಡಿಸ್ಕು ಇದ್ದಕ್ಕಿದ್ದಂತೆ ಕುಂಟುತ್ತದೆ. ಮುಗಿದ ಕೆಲಸವನ್ನು ತೆಗೆದಿಡಲು ಅದು ಸರಿ, ಸಂಕಲನಕ್ಕಲ್ಲ.

ಪರೀಕ್ಷಿಸುವ ಕ್ರಮ

ಪರೀಕ್ಷೆಗೆ ಮೊದಲು ಒಂದು ನಿಯಮ: ಬೇರೆಲ್ಲೂ ಪ್ರತಿಯಿಲ್ಲದ ಚಿತ್ರವಿರುವ ಡಿಸ್ಕಿನ ಮೇಲೆ ಬರೆಯುವ ಪರೀಕ್ಷೆಯನ್ನು ಮಾಡಲೇಬಾರದು. ‘ಡಿಡಿ’ ಎಂಬ ಆಜ್ಞೆಯಲ್ಲಿ ಗುರಿಯ ಹೆಸರಿನ ಒಂದಕ್ಷರ ತಪ್ಪಿದರೆ ಇಡೀ ಡಿಸ್ಕು ಅಳಿಯುತ್ತದೆ. ಲಿನಕ್ಸ್ ಬಳಸುವವರು ಅದನ್ನು ತಮಾಷೆಗೆ ‘ಡಿಸ್ಕ್ ಡಿಸ್ಟ್ರಾಯರ್’ ಎಂದು ಕರೆಯುತ್ತಾರೆ. ಕಳೆದುಕೊಂಡವರಿಗೆ ಅದು ತಮಾಷೆಯಲ್ಲ. ಉಬುಂಟುವಿನ ‘ಡಿಸ್ಕ್ಸ್’ ತಂತ್ರಾಂಶದ ಬೆಂಚ್‌ಮಾರ್ಕ್ ಸೌಲಭ್ಯದಲ್ಲಿಯೂ ಓದುವ ಪರೀಕ್ಷೆಯನ್ನು ಮಾತ್ರ ಮಾಡಿಸಬೇಕು, ಬರೆಯುವ ಪರೀಕ್ಷೆಯ ಗುರುತನ್ನು ತೆಗೆದುಹಾಕಬೇಕು.

ಪರೀಕ್ಷೆಯನ್ನು ಕೆಡಿಸುವ ಮೊದಲ ಕಾರಣ ಗಣಕದ ನೆನಪು. ಒಮ್ಮೆ ಓದಿದ ಕಡತವನ್ನು ಲಿನಕ್ಸ್ ಖಾಲಿಯಿರುವ ರ್‍ಯಾಮ್‌ನಲ್ಲಿ ಇಟ್ಟುಕೊಳ್ಳುತ್ತದೆ. ಎರಡನೆಯ ಸಲ ಓದಿದಾಗ ಡಿಸ್ಕನ್ನು ಮುಟ್ಟದೆಯೇ ಉತ್ತರ ಬರುತ್ತದೆ. ಹಳೆಯ ಹಾರ್ಡ್‌ಡಿಸ್ಕು ಸೆಕೆಂಡಿಗೆ ಹಲವು ಗಿಗಾಬೈಟ್ ಕೊಟ್ಟಿತೆಂದು ತೆರೆಯ ಮೇಲೆ ಕಾಣುತ್ತದೆ. 8 ಗಿಗಾಬೈಟ್ ರ್‍ಯಾಮ್ ಇರುವ ಗಣಕದಲ್ಲಿ 1 ಗಿಗಾಬೈಟಿನ ಕಡತದಿಂದ ಪರೀಕ್ಷಿಸಿದರೆ ಅಳೆದದ್ದು ಡಿಸ್ಕನ್ನಲ್ಲ. ರ್‍ಯಾಮ್‌ನ ಎರಡರಷ್ಟು ದೊಡ್ಡ ಕಡತವನ್ನು ಬಳಸಬೇಕು, ಇಲ್ಲವೇ ಪ್ರತಿ ಸಲವೂ ಗಣಕವನ್ನು ಮತ್ತೆ ಚಾಲೂ ಮಾಡಬೇಕು.

ಬರೆಯುವಾಗಲೂ ಇದೇ ನೆನಪು ನಡುವೆ ನಿಲ್ಲುತ್ತದೆ. ಪೆನ್‌ಡ್ರೈವಿಗೆ ಕಡತವನ್ನು ನಕಲಿಸುವಾಗ ಪಟ್ಟಿ ಸರಸರನೆ ತುಂಬಿ ‘ಮುಗಿಯಿತು’ ಎನ್ನುತ್ತದೆ. ನಿಜವಾಗಿ ಅರ್ಧಭಾಗ ಇನ್ನೂ ರ್‍ಯಾಮ್‌ನಲ್ಲಿರಬಹುದು. ಆ ಕ್ಷಣದಲ್ಲಿ ಮಗು ಪೆನ್‌ಡ್ರೈವನ್ನು ಕಿತ್ತು ಜೇಬಿಗಿಟ್ಟುಕೊಂಡರೆ ಮನೆಯಲ್ಲಿ ತೆರೆಯುವುದು ಹೆಸರು ಮಾತ್ರ ಇರುವ, ಒಳಗೆ ಹುರುಳಿಲ್ಲದ ಕಡತ. ಅಷ್ಟರಲ್ಲಿ ಫೋನಿನ ಮೂಲವನ್ನು ಜಾಗಕ್ಕಾಗಿ ಅಳಿಸಿಯೂ ಆಗಿರುತ್ತದೆ. ‘ಸುರಕ್ಷಿತವಾಗಿ ತೆಗೆಯಬಹುದು’ ಎಂಬ ಸೂಚನೆ ಬರುವವರೆಗೆ ಕಾಯುವುದನ್ನು ಮೊದಲ ದಿನವೇ ಅಭ್ಯಾಸ ಮಾಡಿಸಬೇಕು. ವೇಗ ಅಳೆಯುವವರೂ ಈ ಕೊನೆಯ ಕಾಯುವಿಕೆಯನ್ನು ಹೊತ್ತಿಗೆ ಸೇರಿಸಿಕೊಳ್ಳಬೇಕು.

ಶಾಲೆಗೆ ಸುಲಭವಾದ ಓದುವ ಪರೀಕ್ಷೆಯೊಂದಿದೆ. ‘ಎಂಡಿ5ಸಮ್’ ಎಂಬ ಆಜ್ಞೆ ಕಡತವನ್ನು ಮೊದಲಿನಿಂದ ಕೊನೆಯವರೆಗೆ ಓದಿ 32 ಅಕ್ಷರಗಳ ಒಂದು ತಾಳೆಗುರುತನ್ನು ಕೊಡುತ್ತದೆ. ಅದರ ಮುಂದೆ ‘ಟೈಮ್’ ಎಂದು ಸೇರಿಸಿದರೆ ಹಿಡಿದ ಹೊತ್ತೂ ತಿಳಿಯುತ್ತದೆ. ಕಡತದ ಗಾತ್ರವನ್ನು ಹೊತ್ತಿನಿಂದ ಭಾಗಿಸಿದರೆ ವೇಗ. ಮೂಲದ ಗುರುತನ್ನೂ ಪ್ರತಿಯ ಗುರುತನ್ನೂ ಪಕ್ಕಪಕ್ಕದಲ್ಲಿಟ್ಟರೆ ನಕಲು ಸರಿಯಾಗಿದೆಯೇ ಎಂಬುದೂ ಗೊತ್ತಾಗುತ್ತದೆ. ಒಂದು ಬಿಟ್ ಬದಲಾಗಿದ್ದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ಆರಂಭದಲ್ಲಿ ಹೇಳಿದ ಎರಡೂ ಪ್ರಶ್ನೆಗಳಿಗೆ ಒಂದೇ ಆಜ್ಞೆ ಉತ್ತರ ಹೇಳುವುದರಿಂದ ಇದನ್ನು ಇಲ್ಲಿ ಮುಂದಿಡಲಾಗಿದೆ. ಗಣಕದಲ್ಲಿರುವ ಪ್ರತಿಯ ಗುರುತನ್ನು ನೋಡುವ ಮುನ್ನ ಗಣಕವನ್ನು ಮತ್ತೆ ಚಾಲೂ ಮಾಡಬೇಕು, ಹೊರಡಿಸ್ಕಾದರೆ ತೆಗೆದು ಮತ್ತೆ ಜೋಡಿಸಬೇಕು. ಇಲ್ಲದಿದ್ದರೆ ರ್‍ಯಾಮ್‌ನಲ್ಲಿರುವುದನ್ನೇ ತಾಳೆ ನೋಡಿದಂತಾಗುತ್ತದೆ. ಅತಿ ವೇಗದ ಎಸ್‌ಎಸ್‌ಡಿಗಳಲ್ಲಿ ಈ ಲೆಕ್ಕಕ್ಕೆ ಪ್ರೊಸೆಸರಿನ ವೇಗವೇ ಅಡ್ಡಬರಬಹುದು.

ಮೂರು ಕಡತಗಳನ್ನು ಒಟ್ಟಿಗೆ ಓದುವ ಪರೀಕ್ಷೆಗೆ ‘ಫಿಯೊ’ ಎಂಬ ಉಪಕರಣ ಬೇಕು. ಲಿನಕ್ಸಿನ ಸಂಗ್ರಹ ವಿಭಾಗವನ್ನು ನೋಡಿಕೊಳ್ಳುವ ಯೆನ್ಸ್ ಆಕ್ಸ್‌ಬೋ ಬರೆದದ್ದು ಅದು. ಎಷ್ಟು ಧಾರೆಗಳು, ಸಲಕ್ಕೆ ಎಷ್ಟು ಓದಬೇಕು, ಎಷ್ಟು ಹೊತ್ತು ಎಂಬುದನ್ನೆಲ್ಲ ಹೇಳಿ ಓಡಿಸಬಹುದು. ಅದರ ವರದಿಯಲ್ಲಿ ಸರಾಸರಿಯನ್ನು ನೋಡಿ ತೃಪ್ತರಾಗಬಾರದು. ಒಂದು ಫ್ರೇಮಿನ ಪಾಲಿಗೆ ಇರುವುದು 40 ಮಿಲಿಸೆಕೆಂಡು. ಸರಾಸರಿ ಸೆಕೆಂಡಿಗೆ 100 ಮೆಗಾಬೈಟ್ ಇದ್ದು ನಡುವೆ ಅರ್ಧ ಸೆಕೆಂಡು ಡಿಸ್ಕು ಸುಮ್ಮನಿದ್ದರೆ ಹನ್ನೆರಡು ಫ್ರೇಮುಗಳ ಹೊತ್ತು ಹೋಯಿತು. ನೂರಕ್ಕೆ 99 ಬೇಡಿಕೆಗಳು ಎಷ್ಟು ಹೊತ್ತಿನೊಳಗೆ ತೀರಿದುವು ಎಂಬ ಸಾಲು ಆ ವರದಿಯಲ್ಲಿರುತ್ತದೆ. ಸಂಕಲನಕಾರನಿಗೆ ಬೇಕಾದುದು ಅದು.

ಎಸ್‌ಎಸ್‌ಡಿಗೆ ಬರೆಯುವ ಪರೀಕ್ಷೆಯನ್ನು ಅರ್ಧ ನಿಮಿಷಕ್ಕೆ ನಿಲ್ಲಿಸಬಾರದು. ಅಗ್ಗದ ಎಸ್‌ಎಸ್‌ಡಿಗಳು ಬಂದದ್ದನ್ನು ಮೊದಲು ವೇಗದ ಒಂದು ಅಂಗಳದಲ್ಲಿ ಇಳಿಸಿಕೊಂಡು ಆಮೇಲೆ ಒಳಗೆ ಸಾಗಿಸುತ್ತವೆ. ಅಂಗಳ ತುಂಬಿದ ಮೇಲೆ ಅವುಗಳ ವೇಗ ಹಾರ್ಡ್‌ಡಿಸ್ಕಿಗಿಂತಲೂ ಕೆಳಗಿಳಿಯುವುದುಂಟು. ಬರೆಯಲು ಸೊನ್ನೆಗಳ ಬದಲು ನಿಜವಾದ ವಿಡಿಯೊ ಕಡತವನ್ನೇ ಬಳಸಬೇಕು. ಜೆಡ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್‌ಗಳಲ್ಲಿ ಸಂಕೋಚನ ಚಾಲೂ ಇದ್ದರೆ ಸೊನ್ನೆಗಳ ರಾಶಿ ಮಾಯವಾಗಿ ಅಸಂಭವವಾದ ವೇಗ ಕಾಣುತ್ತದೆ. ಪ್ರತಿ ಪರೀಕ್ಷೆಯನ್ನು ಮೂರು ಸಲ ಮಾಡಿ ನಡುವಿನ ಅಂಕಿಯನ್ನು ಬರೆದುಕೊಳ್ಳಬೇಕು. ಡಿಸ್ಕು ಎಷ್ಟು ತುಂಬಿತ್ತು, ಯಾವ ಕಿಂಡಿ, ಯಾವ ದಿನ ಎಂಬುದನ್ನೂ ಬರೆಯದಿದ್ದರೆ ಆರು ತಿಂಗಳ ಮೇಲೆ ಆ ಅಂಕಿಗೆ ಅರ್ಥವಿರುವುದಿಲ್ಲ.

ತಡವರಿಕೆ ಡಿಸ್ಕಿನದೇ?

ಪರದೆಯ ಮೇಲೆ ಚಿತ್ರ ತಡವರಿಸಿದ ಕೂಡಲೇ ಡಿಸ್ಕನ್ನು ದೂರುವುದು ಅನ್ಯಾಯ. ಫೋನಿನ ಕಡತಕ್ಕೆ ಸೆಕೆಂಡಿಗೆ 2.5 ಮೆಗಾಬೈಟ್ ಸಾಕೆಂದು ಮೇಲೆ ಕಂಡಿದ್ದೇವೆ. ಅಷ್ಟನ್ನು ಯಾವ ಡಿಸ್ಕೂ ಕೊಡುತ್ತದೆ. ಆದರೆ ಅಲ್ಲಿ ಹೆಚ್ಚಿನ ಫ್ರೇಮುಗಳು ಹಿಂದು ಮುಂದಿನ ಫ್ರೇಮುಗಳಿಗಿಂತ ಏನು ವ್ಯತ್ಯಾಸ ಎಂಬುದನ್ನಷ್ಟೇ ಹೇಳುತ್ತವೆ. ಬಿಡಿಸಿ ಕೂಡಿಸುವ ದುಡಿಮೆ ಪ್ರೊಸೆಸರಿನದು. ಸಿಸ್ಟಮ್ ಮಾನಿಟರನ್ನು ತೆರೆದಿಟ್ಟು ಚಿತ್ರವನ್ನು ಓಡಿಸಬೇಕು. ಪ್ರೊಸೆಸರು ತುಂಬಿ ತುಳುಕುತ್ತಿದ್ದು ಡಿಸ್ಕು ಬಿಡುವಾಗಿದ್ದರೆ ಹೊಸ ಡಿಸ್ಕಿನಿಂದ ಏನೂ ಆಗದು. ಕೆಡೆನ್‌ಲೈವ್‌ನಲ್ಲಿ ಪ್ರಾಕ್ಸಿ ಕ್ಲಿಪ್ ಸೌಲಭ್ಯವನ್ನು ಚಾಲೂ ಮಾಡಿದರೆ ಅದು ಮೂಲದ ಚಿಕ್ಕ ಪ್ರತಿಯೊಂದನ್ನು ಮಾಡಿಕೊಂಡು ಸಂಕಲನವನ್ನು ಅದರ ಮೇಲೆ ನಡೆಸುತ್ತದೆ, ಕೊನೆಯ ಚಿತ್ರವನ್ನು ಮೂಲದಿಂದಲೇ ತೆಗೆಯುತ್ತದೆ. ಹಳೆಯ ಗಣಕಗಳಿರುವ ಶಾಲೆಗೆ ಇದೇ ಆಸರೆ. ಗಣಕದಲ್ಲಿ ಚಿಕ್ಕದೊಂದು ಎಸ್‌ಎಸ್‌ಡಿ ಇದ್ದರೆ ಪ್ರಾಕ್ಸಿ ಮತ್ತು ತಾತ್ಕಾಲಿಕ ಕಡತಗಳಿಗೆ ಅದನ್ನು ಕೊಟ್ಟು, ಮೂಲಗಳನ್ನು ಹಾರ್ಡ್‌ಡಿಸ್ಕಿನಲ್ಲಿ ಇಡಬಹುದು.

ಎರಡು ಡಿಸ್ಕುಗಳನ್ನು ಜೋಡಿಸಿ ವೇಗವನ್ನು ಇಮ್ಮಡಿಸುವ ರೈಡ್ 0 ಶಾಲೆಗೆ ಸಲ್ಲದು. ಒಂದು ಕೆಟ್ಟರೆ ಎರಡರಲ್ಲಿದ್ದುದೂ ಹೋಗುತ್ತದೆ. ಕನ್ನಡಿಯಂತೆ ಎರಡರಲ್ಲೂ ಒಂದನ್ನೇ ಬರೆಯುವ ರೈಡ್ 1 ಡಿಸ್ಕು ಕೆಟ್ಟಾಗ ಕಾಯುತ್ತದೆ, ಆದರೆ ತಪ್ಪಿ ಅಳಿಸಿದ್ದನ್ನು ಎರಡು ಕಡೆಯಿಂದಲೂ ಅಳಿಸುತ್ತದೆ. ಮೂಲದ ಒಂದು ಪ್ರತಿ ಶಾಲೆಯಿಂದ ಬೇರೆಯಾದ ಕಟ್ಟಡದಲ್ಲಿ, ತಾಳೆಗುರುತಿನ ಚೀಟಿಯೊಂದಿಗೆ ಇರುವವರೆಗೆ ಫೋನಿನಲ್ಲಿರುವುದನ್ನು ಅಳಿಸಲು ಅನುಮತಿ ಕೊಡಬಾರದು.

ತರಗತಿಯಲ್ಲಿ ಮಾಡಿಸಬೇಕಾದ ಲೆಕ್ಕಗಳು

1. ಫ್ಯಾಟ್32ರಲ್ಲಿ ಒಂದು ಕಡತದ ಗರಿಷ್ಠ ಗಾತ್ರ 4,29,49,67,295 ಬೈಟ್. ಸೆಕೆಂಡಿಗೆ 2.5 ಮೆಗಾಬೈಟಿನಂತೆ ಚಿತ್ರಿಸಿದರೆ ಎಷ್ಟು ಹೊತ್ತಿಗೆ ಈ ಮಿತಿ ಮುಟ್ಟುತ್ತದೆ? (ಉತ್ತರ: ಸುಮಾರು 28 ನಿಮಿಷ 38 ಸೆಕೆಂಡು. ಕೆಲವು ಕ್ಯಾಮರಾಗಳು ದೀರ್ಘ ಚಿತ್ರವನ್ನು ತುಂಡು ತುಂಡಾಗಿ ಉಳಿಸುವುದು ಏಕೆಂದು ಇಲ್ಲಿ ಚರ್ಚಿಸಬೇಕು.)

2. ಸೆಕೆಂಡಿಗೆ 1,000 ಮೆಗಾಬಿಟ್‌ನ ಜಾಲದಲ್ಲಿ ಬಳಕೆಗೆ ಸುಮಾರು 110 ಮೆಗಾಬೈಟ್ ಸಿಗುತ್ತದೆ. ಹತ್ತು ಮಕ್ಕಳು ಒಂದೇ ಸರ್ವರಿನಿಂದ 15 ಮೆಗಾಬೈಟಿನ ಧಾರೆಯನ್ನು ಒಟ್ಟಿಗೆ ಓದಬಲ್ಲರೇ? (ಉತ್ತರ: 150 ಬೇಕು, ಸಾಲದು, ಏಳು ಮಂದಿಗೆ ಸಾಕು. 2.5 ಮೆಗಾಬೈಟಿನ ಫೋನ್ ಕಡತವಾದರೆ ಹತ್ತು ಮಂದಿಗೆ 25 ಮೆಗಾಬೈಟ್ ಸಾಕು.)

3. 9,000 ಮೆಗಾಬೈಟಿನ ಕಡತದ ತಾಳೆಗುರುತು ತೆಗೆಯಲು 75 ಸೆಕೆಂಡು ಹಿಡಿಯಿತು. ವೇಗವೆಷ್ಟು? ಈ ಡಿಸ್ಕಿನಿಂದ 15 ಮೆಗಾಬೈಟಿನ ಮೂರು ಧಾರೆಗಳು ಓಡುವುವೇ? (ಉತ್ತರ: ಸೆಕೆಂಡಿಗೆ 120 ಮೆಗಾಬೈಟ್. ಒಂದೇ ಕಡತವನ್ನು ಸಾಲಾಗಿ ಓದಿದ ವೇಗವಿದು. ಜಿಗಿತಕ್ಕೆ 128 ಕಿಲೋಬೈಟ್ ಮತ್ತು 4 ಮೆಗಾಬೈಟ್ ಓದುವ ಎರಡು ಸಂದರ್ಭಗಳನ್ನು 13 ಮಿಲಿಸೆಕೆಂಡಿನ ಜಿಗಿತದೊಂದಿಗೆ ಬೇರೆಬೇರೆಯಾಗಿ ಲೆಕ್ಕ ಹಾಕಿಸಬೇಕು. ಮೊದಲನೆಯದರಲ್ಲಿ ಸುಮಾರು 9, ಎರಡನೆಯದರಲ್ಲಿ ಸುಮಾರು 86 ಮೆಗಾಬೈಟ್ ಬರುತ್ತದೆ.)